ಎಂಎಕ್ಸ್-5ಕ್ಕೆ ಹೊಸ ಫ್ಯುಯೆಲ್ ಪಂಪ್: ಕುಂಬಳೆಯ ಶೆಡ್ಡಿನಲ್ಲಿ ಒಂದೂವರೆ ದಿನ

ಕುಂಬಳೆಯಿಂದ ಸೀತಾಂಗೋಳಿಗೆ ಹತ್ತುವ ರಸ್ತೆ. ಮೂರನೇ ಗೇರಿನಲ್ಲಿ ಎಂಜಿನ್ 4,500 ಸುತ್ತು ದಾಟಿತೋ ಇಲ್ಲವೋ, ಯಾರೋ ಹಿಂದಿನಿಂದ ಹಗ್ಗ ಹಾಕಿ ಹಿಡಿದ ಹಾಗೆ ಗಾಡಿ ತಡೆಯುತ್ತದೆ. ಆಕ್ಸಿಲರೇಟರನ್ನು ಅರ್ಧಕ್ಕೆ ಬಿಟ್ಟರೆ ಮತ್ತೆ ಸರಾಗ. ಬೆಳಗ್ಗೆ ತಣ್ಣಗಿರುವಾಗ ಈ ರೋಗ ಇಲ್ಲ. ಇಪ್ಪತ್ತು ನಿಮಿಷ ಓಡಿದ ಮೇಲೆ ಶುರು, ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿದರೆ ಮಾಯ. ಇಷ್ಟು ಕೇಳಿದರೆ ಯಾವ ಮೆಕ್ಯಾನಿಕ್ಕಾದರೂ "ಪಂಪ್ ಹೋಗಿದೆ" ಅನ್ನುತ್ತಾನೆ. ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ತಪ್ಪಿದರೆ ಹೊಸ ಪಂಪ್ ಹಾಕಿಯೂ ಅದೇ ಏರಿನಲ್ಲಿ ಅದೇ ಗೋಳು.

ಗಾಡಿ ಮಾಜ್ಡಾ ಎಂಎಕ್ಸ್-5, ಮೊದಲ ತಲೆಮಾರಿನದು, 1.6 ಲೀಟರ್ ಎಂಜಿನ್. 1989ರಲ್ಲಿ ಶುರುವಾಗಿ 1997ರ ವರೆಗೆ ತಯಾರಾದ, ದೀಪಗಳು ಬಾನೆಟ್‌ನಿಂದ ಮೇಲಕ್ಕೇಳುವ ಮಾಡೆಲ್. ಎಡಗೈ ಸ್ಟೀರಿಂಗು, ದುಬೈ ನಂಬರು, ಕಾರ್ನೆಟ್ ಕಾಗದದ ಮೇಲೆ (ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ಹೊರದೇಶದ ಗಾಡಿ ತರಲು ಬಿಡುವ ಪತ್ರ) ಬಂದದ್ದು. ಕಾಸರಗೋಡಿನಲ್ಲಿ ಇಂಥ ಗಾಡಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ, ಮನೆಗೊಬ್ಬರು ಗಲ್ಫಿನಲ್ಲಿರುವ ಊರು. ಕಾರ್ನೆಟ್‌ನ ಆರು ತಿಂಗಳ ಗಡುವು ಮಾತ್ರ ತಲೆಯ ಮೇಲೆ ನೇತಾಡುತ್ತಿರುತ್ತದೆ. ಮೇ ತಿಂಗಳಲ್ಲಿ ಬಂದ ಗಾಡಿ ಮಳೆಗಾಲ ಪೂರ್ತಿ ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಶೆಡ್ಡಿನಲ್ಲಿ ನಿಂತಿತ್ತು. ಈ "ಕಾಲು ಟ್ಯಾಂಕ್" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಬಿಚ್ಚುವ ಮೊದಲು ಅಳೆಯಬೇಕು. ಈ ಗಾಡಿಯಲ್ಲಿ ಅದು ಸುಲಭ. ಬಾನೆಟ್ ಒಳಗೆ "ಡಯಾಗ್ನೊಸಿಸ್" ಎಂದು ಬರೆದ ಸಣ್ಣ ಕಪ್ಪು ಡಬ್ಬಿ ಇದೆ. ಮುಚ್ಚಳದ ಒಳಮೈಯಲ್ಲಿ ಯಾವ ತೂತು ಯಾವುದು ಎಂಬ ನಕ್ಷೆ ಇರುತ್ತದೆ. ಎಫ್/ಪಿ (ಫ್ಯುಯೆಲ್ ಪಂಪ್) ಮತ್ತು ಜಿಎನ್‌ಡಿ (ಅರ್ತ್) ಎಂಬ ಎರಡು ತೂತುಗಳ ನಡುವೆ ಒಂದು ತುಂಡು ವೈರ್ ಹಾಕಿ ಕೀ ಆನ್ ಮಾಡಿದರೆ ಎಂಜಿನ್ ತಿರುಗದೆಯೇ ಪಂಪ್ ಓಡುತ್ತದೆ. ಸೀಟಿನ ಹಿಂದೆ ಕಿವಿ ಕೊಟ್ಟರೆ ಗುಂಯ್ ಎನ್ನುವುದು ಕೇಳಬೇಕು. ಸದ್ದು ಕೇಳಿದ ಮಾತ್ರಕ್ಕೆ ಪಂಪ್ ಚೆನ್ನಾಗಿದೆ ಎಂದಲ್ಲ. ಮೋಟಾರ್ ತಿರುಗುತ್ತಿದೆ, ಅಷ್ಟೆ.

ಫಿಲ್ಟರ್‌ನಿಂದ ಇಂಜೆಕ್ಟರ್ ರೇಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪು) ಹೋಗುವ ರಬ್ಬರ್ ಹೋಸಿನ ನಡುವೆ ಟಿ ಆಕಾರದ ಜಾಯಿಂಟ್ ಜೋಡಿಸಿ ಪ್ರೆಷರ್ ಗೇಜ್ ಹಾಕಿದೆವು. ವೈರ್ ತುಂಡು ಹಾಕಿ ಓಡಿಸಿದಾಗ ಈ ಎಂಜಿನ್‌ಗೆ 2.7ರಿಂದ 3.2 ಕೆಜಿ ಇರಬೇಕು (ಕೆಜಿ ಅಂದರೆ ಚದರ ಸೆಂಟಿಮೀಟರಿಗೆ, ವರ್ಕ್‌ಶಾಪಿನ ಭಾಷೆ). ನಮಗೆ ಸಿಕ್ಕಿದ್ದು 2.5. ಕಾಲು ಗಂಟೆ ಬಿಡದೆ ಓಡಿಸಿದ ಮೇಲೆ 2.1. ಕೊರತೆ ಇದೆ, ಆದರೆ ಯಾರದ್ದು? ಪಂಪಿನದೂ ಆಗಬಹುದು, ರೇಲಿನ ತುದಿಯಲ್ಲಿರುವ ಪ್ರೆಷರ್ ರೆಗ್ಯುಲೇಟರ್ ಸೋರಿ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಬಿಡುತ್ತಿರಲೂಬಹುದು.

ಇದನ್ನು ಬೇರ್ಪಡಿಸಲು ಒಂದು ಉಪಾಯ. ರೆಗ್ಯುಲೇಟರಿನಿಂದ ವಾಪಸ್ ಹೋಗುವ ರಬ್ಬರ್ ಹೋಸನ್ನು, ಪ್ಲಾಯರಿನ ಹಲ್ಲಿಗೆ ಬಟ್ಟೆ ಸುತ್ತಿ, ಎರಡು ಮೂರು ಸೆಕೆಂಡು ಒತ್ತಿ ಹಿಡಿಯುವುದು. ದಾರಿ ಮುಚ್ಚಿದಾಗ ಪಂಪ್ ತನ್ನ ಪೂರ್ತಿ ಶಕ್ತಿ ತೋರಿಸಬೇಕು: 4.5ರಿಂದ 6 ಕೆಜಿ. ಮುಳ್ಳು ಅಲ್ಲಿಗೆ ಜಿಗಿದರೆ ಪಂಪ್ ನಿರಪರಾಧಿ, ರೆಗ್ಯುಲೇಟರನ್ನು ನೋಡಿ. ನಮ್ಮದು 3.3ರಲ್ಲಿ ನಿಂತಿತು. ತುಂಬ ಹೊತ್ತು ಒತ್ತಿ ಹಿಡಿಯಬಾರದು. ಮೂವತ್ತು ವರ್ಷದ ಹೋಸ್ ಅಲ್ಲೇ ಬಿರಿದೀತು.

ಮುಗಿಯಿತೇ? ಇಲ್ಲ. ಪಂಪಿಗೆ ಎಷ್ಟು ವೋಲ್ಟ್ ತಲುಪುತ್ತಿದೆ ಎಂದು ಯಾರೂ ನೋಡುವುದಿಲ್ಲ. ಈ ಗಾಡಿಯ ಬ್ಯಾಟರಿ ಇರುವುದು ಡಿಕ್ಕಿಯ ಬಲ ಮೂಲೆಯಲ್ಲಿ, ಪಂಪಿನಿಂದ ಒಂದು ಮಾರು ದೂರ ಕೂಡ ಇಲ್ಲ. ಆದರೆ ಕರೆಂಟ್ ಡಿಕ್ಕಿಯಿಂದ ಹೊರಟು ಬಾನೆಟ್ ಒಳಗಿನ ಫ್ಯೂಸು, ಮೇನ್ ರಿಲೇ, ಡ್ಯಾಶ್ ಅಡಿಯ ಸರ್ಕಿಟ್ ಓಪನಿಂಗ್ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು) ಸುತ್ತಿ ಮತ್ತೆ ಹಿಂದಕ್ಕೆ ಬರುತ್ತದೆ. ನೆರೆಮನೆಗೆ ಹೋಗಲು ಮಂಗಳೂರು ಸುತ್ತಿದ ಹಾಗೆ. ದಾರಿಯುದ್ದಕ್ಕೂ ಇರುವ ಪ್ರತಿ ಪ್ಲಗ್ಗಿನಲ್ಲಿ ಸ್ವಲ್ಪ ಸ್ವಲ್ಪ ಪಾಚಿ. ಪಂಪ್ ಎಳೆಯುವುದು ಸುಮಾರು 5 ಆಂಪ್. ಒಟ್ಟು 0.2 ಓಮ್ ತಡೆ ಸೇರಿಕೊಂಡರೂ 1 ವೋಲ್ಟ್ ಹೋಯಿತು. ವೋಲ್ಟ್ ಇಳಿದರೆ ಮೋಟಾರ್ ನಿಧಾನ, ಪೆಟ್ರೋಲ್ ಕಡಿಮೆ.

ಅಳತೆಯನ್ನು ಪಂಪ್ ಓಡುತ್ತಿರುವಾಗಲೇ ಮಾಡಬೇಕು, ಪ್ಲಗ್ ಬಿಚ್ಚಿ ಅಲ್ಲ. ಬಿಚ್ಚಿದ ಪ್ಲಗ್ಗಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಎಷ್ಟೇ ತುಕ್ಕಿದ್ದರೂ ಮೀಟರು 12.5 ಎಂದೇ ತೋರಿಸಿ ನಂಬಿಸಿಬಿಡುತ್ತದೆ. ಪ್ಲಗ್ಗಿನ ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ ನೋಡಿದೆವು. ಬ್ಯಾಟರಿಯಲ್ಲಿ 12.5, ಪಂಪಿನ ಪ್ಲಗ್ಗಿನಲ್ಲಿ 10.8. ಕಳೆದುಹೋದ 1.7ರಲ್ಲಿ ಪಾಸಿಟಿವ್ ಕಡೆ 1.0, ಅರ್ತ್ ಕಡೆ 0.7. ಅರ್ತ್‌ನಲ್ಲಿ 0.7 ಹೋಗುವುದೆಂದರೆ ಬಾಡಿಗೆ ಕೂತ ಬೋಲ್ಟಿನ ಅಡಿಯಲ್ಲಿ ತುಕ್ಕು ಎಂದೇ ಅರ್ಥ. ಕಡಲ ಗಾಳಿ ಬೀಸುವ ಊರು, ಆಶ್ಚರ್ಯವೇನಿಲ್ಲ.

ಅರ್ತ್ ಬೋಲ್ಟ್ ಬಿಚ್ಚಿ ತಗಡನ್ನು ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ, ಮೇಲೆ ತೆಳುವಾಗಿ ವ್ಯಾಸಲಿನ್ ಸವರಿದೆವು. ರಿಲೇಯ ಕಾಲುಗಳನ್ನೂ ಅದರ ಗೂಡನ್ನೂ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದೆವು. ಪಂಪಿನಲ್ಲಿ ಈಗ 12.1. ಒತ್ತಡ 2.5ರಿಂದ 2.7ಕ್ಕೆ ಏರಿತು, ಬಿಸಿಯಾದಾಗ ಮತ್ತೆ 2.3ಕ್ಕೆ ಬಿತ್ತು. ಅಂದರೆ ರೋಗ ಎರಡು: ವೈರಿಂಗ್ ಒಂದು, ಪಂಪ್ ಇನ್ನೊಂದು. ಕಡಿಮೆ ವೋಲ್ಟ್‌ನಲ್ಲಿ ವರ್ಷಗಟ್ಟಲೆ ಏದುಸಿರು ಬಿಡುತ್ತ ಓಡಿದ ಮೋಟಾರ್ ಇದು.

1.6 ಎಂಜಿನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕೀ ತಿರುಗಿಸಿ ಸೆಲ್ಫ್ ಹೊಡೆಯುವಾಗ ಸ್ಟಾರ್ಟ್ ಆಗಿ, ಕೀ ಬಿಟ್ಟ ಕೂಡಲೇ ಸಾಯುತ್ತದೆಯೇ? ಆಗ ಪಂಪಿಗೆ ಕೈ ಹಾಕಲೇಬೇಡಿ. ಸೆಲ್ಫ್ ಹೊಡೆಯುವಾಗ ರಿಲೇಯನ್ನು ಎಳೆಯುವ ಕಾಯಿಲ್ ಬೇರೆ, ಎಂಜಿನ್ ಓಡುವಾಗ ಎಳೆಯುವ ಕಾಯಿಲ್ ಬೇರೆ. ಎರಡನೆಯದಕ್ಕೆ ಅರ್ತ್ ಸಿಗುವುದು ಎಂಜಿನ್ ಎಳೆಯುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರಿನ ಒಳಗಿನ ಸಣ್ಣ ಸ್ವಿಚ್ಚಿನಿಂದ. ಗಾಳಿ ಬಂದು ಒಳಗಿನ ರೆಕ್ಕೆ ತೆರೆದರೆ ಮಾತ್ರ ಸ್ವಿಚ್ ಮುಚ್ಚುತ್ತದೆ. ಮೀಟರಿನಿಂದ ಎಂಜಿನ್ ಕಡೆಗೆ ಹೋಗುವ ದೊಡ್ಡ ರಬ್ಬರ್ ಪೈಪು ಒಡೆದಿದ್ದರೆ, ಕ್ಲಿಪ್ ಸಡಿಲವಿದ್ದರೆ, ಎಂಜಿನ್ ಗಾಳಿಯನ್ನು ಬದಿಯಿಂದ ಎಳೆದುಕೊಳ್ಳುತ್ತದೆ. ರೆಕ್ಕೆ ಅಲುಗುವುದಿಲ್ಲ, ಪಂಪ್ ನಿಲ್ಲುತ್ತದೆ. ಏರ್ ಫಿಲ್ಟರ್ ತೊಳೆದು ವಾಪಸ್ ಹಾಕಿದ ಮರುದಿನ "ಪಂಪ್ ಹೋಯಿತು" ಎಂದು ಬರುವ ಗಾಡಿಗಳ ಕಥೆ ಹೆಚ್ಚಾಗಿ ಇದೇ. 1.8 ಎಂಜಿನ್‌ನಲ್ಲಿ ಈ ಸ್ವಿಚ್ ಇಲ್ಲ, ಅಲ್ಲಿ ಅರ್ತ್ ಕೊಡುವುದು ಕಂಪ್ಯೂಟರು.

ಸಾಮಾನಿನ ವಿಷಯ. ಪಂಪ್, ಅದರ ಕೆಳಗಿನ ಜಾಲರಿ ಚೀಲ (ಸ್ಟ್ರೈನರ್), ಜಾಲರಿಯನ್ನು ಹಿಡಿಯುವ ಹಲ್ಲುವಾಷರು, ಮೇಲ್ಮುಚ್ಚಳದ ಪ್ಯಾಕಿಂಗ್, ಫ್ಯುಯೆಲ್ ಫಿಲ್ಟರ್, ಹೋಸುಗಳು, ಕ್ಲಿಪ್ಪುಗಳು. ಪಂಪನ್ನು ಗಲ್ಫಿನಿಂದ ಬರುವವರ ಕೈಯಲ್ಲಿ ತರಿಸುವುದಾದರೆ ಹೊಸದನ್ನು, ಪೆಟ್ಟಿಗೆ ಒಡೆಯದೆ ತರಿಸಿ. ಒಮ್ಮೆ ಪೆಟ್ರೋಲಿನಲ್ಲಿ ಮುಳುಗಿದ, ವಾಸನೆ ಬರುವ ಪಂಪನ್ನು ವಿಮಾನಕ್ಕೆ ಹತ್ತಿಸುವುದಿಲ್ಲ. ಗಂಟೆಗೆ 255 ಲೀಟರ್ ಎತ್ತುವ ಪಂಪನ್ನು "ಅಪ್‌ಗ್ರೇಡ್" ಎಂದು ಹಾಕಿಸುವ ಚಾಳಿ ಇದೆ. ಟರ್ಬೊ ಹಾಕಿಸಿದ ಗಾಡಿಗೆ ಅದು ಸರಿ. ಕಂಪನಿ ಎಂಜಿನ್‌ಗೆ ಬೇಡ: ಹೆಚ್ಚು ಕರೆಂಟ್ ಎಳೆಯುತ್ತದೆ, ಸೀಟಿನ ಹಿಂದೆ ಸದಾ ಕುಂಯ್‌ಗುಡುತ್ತದೆ, ಐಡಲ್‌ನಲ್ಲಿ ಅಷ್ಟು ಪೆಟ್ರೋಲನ್ನು ವಾಪಸ್ ಕಳಿಸಲು ಹಳೆಯ ರೆಗ್ಯುಲೇಟರ್ ಒದ್ದಾಡುತ್ತದೆ. ಜಪಾನಿನ ಡೆನ್ಸೊ ಪಂಪೇ ಸಾಕು. ಇಲ್ಲಿನ ಹ್ಯಾಚ್‌ಬ್ಯಾಕ್‌ಗಳ ಪಂಪ್ ಕೂರಿಸುವವರೂ ಇದ್ದಾರೆ. ತೀರ ಅನಿವಾರ್ಯವಾದರೆ ಹೊರ ವ್ಯಾಸ, ಉದ್ದ, ಮೇಲಿನ ಮೂತಿಯ ಅಳತೆ, ಕೆಳಗಿನ ಬಾಯಿ ನಡುವಿನಲ್ಲಿದೆಯೇ ಬದಿಗಿದೆಯೇ ಎಂಬುದು, ಈ ನಾಲ್ಕನ್ನೂ ಹೊಂದಿಸಿ ನೋಡಿಯೇ ಕೊಳ್ಳಬೇಕು. ಗಾಡಿಯಲ್ಲಿ ಕೂತ ಮಾತ್ರಕ್ಕೆ ಒತ್ತಡ ಸರಿ ಇದೆ ಎಂದಾಗುವುದಿಲ್ಲ.

ಹೋಸಿನಲ್ಲಿ ಎಡವುವವರೇ ಹೆಚ್ಚು. ಟ್ಯಾಂಕಿನ ಹೊರಗೆ ಇಂಜೆಕ್ಷನ್ ಹೋಸ್ ಬೇಕು, ಮೈಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾಗಿರುತ್ತದೆ. ಟ್ಯಾಂಕಿನ ಒಳಗೆ ಪಂಪ್ ಮತ್ತು ಮುಚ್ಚಳದ ಪೈಪನ್ನು ಜೋಡಿಸುವ ಸಣ್ಣ ತುಂಡು ಪೆಟ್ರೋಲಿನಲ್ಲಿ ಮುಳುಗಿಯೇ ಇರುವಂಥದ್ದು. ಅದು 30ಆರ್10 ಆಗಿರಬೇಕು. 30ಆರ್9ರ ಒಳಮೈ ಪೆಟ್ರೋಲ್ ತಡೆಯುತ್ತದೆ, ಹೊರಮೈ ತಡೆಯುವುದಿಲ್ಲ. ಮುಳುಗಿಸಿಟ್ಟರೆ ಹೊರ ರಬ್ಬರು ಉಬ್ಬಿ ಮೆತ್ತಗಾಗಿ ಕೊನೆಗೆ ಬಿರಿಯುತ್ತದೆ, ಪಂಪ್ ಎತ್ತಿದ ಪೆಟ್ರೋಲ್ ಟ್ಯಾಂಕಿಗೇ ವಾಪಸ್ ಸುರಿಯುತ್ತದೆ. ಆಗ ಸಿಗುವ ಲಕ್ಷಣ ಪಂಪ್ ಸತ್ತದ್ದರ ತದ್ರೂಪ. ಮಂಗಳೂರಿನಲ್ಲಿ ಕೇಳುವಾಗ "ಟ್ಯಾಂಕಿನೊಳಗೆ ಮುಳುಗಿಸುವುದು" ಎಂದು ಬಾಯಿಬಿಟ್ಟು ಹೇಳಿ, ಅಚ್ಚು ಓದಿಯೇ ದುಡ್ಡು ಕೊಡಿ. ಅಡ್ಡ ಗೀರಿರುವ ಸಾದಾ ಹೋಸ್ ಕ್ಲಾಂಪ್ ರಬ್ಬರನ್ನು ಕೊಯ್ಯುತ್ತದೆ. ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ಪೇ ಬೇಕು.

ಇನ್ನು ಬಿಚ್ಚುವುದು. ಎಂಜಿನ್ ಸ್ಟಾರ್ಟ್ ಮಾಡಿ, ಡ್ಯಾಶ್ ಅಡಿಯ ಸರ್ಕಿಟ್ ಓಪನಿಂಗ್ ರಿಲೇಯ ಪ್ಲಗ್ ಕಿತ್ತರೆ ಕೆಲವೇ ಕ್ಷಣದಲ್ಲಿ ಎಂಜಿನ್ ಸಾಯುತ್ತದೆ. ಮತ್ತೆರಡು ಸಲ ಸೆಲ್ಫ್ ಹೊಡೆದರೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಇದನ್ನು ಮಾಡದೆ ಹೋಸ್ ಎಳೆದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ರಿಲೇಯನ್ನು ವಾಪಸ್ ಹಾಕಿ, ಫಿಲ್ಟರಿನ ಹೊರಬಾಯಿಯಿಂದ ಉದ್ದ ಹೋಸನ್ನು ಕಬ್ಬಿಣದ ಕ್ಯಾನಿಗೆ ಇಳಿಸಿ, ಡಯಾಗ್ನೊಸಿಸ್ ಡಬ್ಬಿಯಲ್ಲಿ ವೈರ್ ಹಾಕಿ, ಪಂಪಿನಿಂದಲೇ ಟ್ಯಾಂಕ್ ಖಾಲಿ ಮಾಡಿಸಿದೆವು. ಸಾಯುವ ಪಂಪಿಗೆ ಕೊನೆಯ ಕೂಲಿ. 45 ಲೀಟರಿನ ಟ್ಯಾಂಕಿನಲ್ಲಿ ಹತ್ತು ಹನ್ನೊಂದು ಲೀಟರ್ ಇತ್ತು. ಪಂಪಿನ ಸದ್ದು ಬದಲಾದ ಕೂಡಲೇ ನಿಲ್ಲಿಸಬೇಕು. ಕಡೆಗೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅದು ತಾನಾಗಿ ಹೋಗಿ ತಾಗದ ಹಾಗೆ ಬಟ್ಟೆ ಸುತ್ತಿ ಬದಿಗಿಡಿ. ಟ್ಯಾಂಕ್ ಬಾಯಿ ತೆರೆದ ಮೇಲೆ ಬ್ಯಾಟರಿ ಮುಟ್ಟಬಾರದು.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದಲ್ಲಿ ಹರಿದುಕೊಂಡು ಹೋಗುತ್ತದೆ, ಗುಂಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಗ್ಯಾರೇಜಿನ ಪಿಟ್ ಮೇಲೆ ಈ ಕೆಲಸ ಬೇಡವೇ ಬೇಡ. ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಅಪಾಯವಿದೆ, ಯಾವ ಮ್ಯಾನುಯಲಿನಲ್ಲೂ ಬರೆದಿರದ್ದು: ಬಚ್ಚಲೊಲೆ. ಅಂಗಳದ ಬದಿಯಲ್ಲಿ ಸಂಜೆ ನೀರು ಕಾಯಿಸಲು ಬೆಂಕಿ ಹಾಕುತ್ತಾರೆ, ಬೂದಿಯಡಿಯ ಕೆಂಡ ಬೆಳಗಿನ ತನಕ ಇರುತ್ತದೆ. ಶೆಡ್ಡಿನ ಎರಡೂ ಬದಿ ತೆರೆದು, ಒಲೆಗೆ ನೀರು ಸುರಿಸಿ, ಎಬಿಸಿ ಪುಡಿಯ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿಟ್ಟು ಶುರು ಮಾಡಿದೆವು. ತಲೆಗೆ ಕಟ್ಟುವ ಎಲ್‌ಇಡಿ ದೀಪವನ್ನು ಮುಚ್ಚಳ ತೆರೆಯುವ ಮೊದಲೇ ಹೊತ್ತಿಸಿಕೊಳ್ಳಬೇಕು. ಸಹಾಯಕ್ಕಿದ್ದ ಹುಡುಗ "ಅಣ್ಣಾ, ಮೊಬೈಲ್ ಟಾರ್ಚ್ ಹಿಡಿಯಲಾ?" ಎಂದು ಬಗ್ಗಿದ. "ಬೇಡ ಮಾರಾಯ, ಅದನ್ನು ಜಗಲಿಯಲ್ಲಿಟ್ಟು ಬಾ."

ಪಂಪ್ ಇರುವುದು ಸೀಟುಗಳ ಹಿಂದಿನ ಶೆಲ್ಫಿನ ಅಡಿಯಲ್ಲಿ. ಮಡಚುವ ಬಟ್ಟೆಯ ಮಾಡಿನ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಝಿಪ್ಪನ್ನು ಮೊದಲು ಬಿಚ್ಚಿ ಮಲಗಿಸಿ. ಹಾಗೇ ಮಡಚಿದರೆ ಗಟ್ಟಿಯಾದ ಪ್ಲಾಸ್ಟಿಕ್ ಗೆರೆ ಬಿದ್ದು ಒಡೆಯುತ್ತದೆ, ಪಂಪಿಗಿಂತ ದುಬಾರಿ ನಷ್ಟ. ಸೀಟು ಪೂರ್ತಿ ಮುಂದಕ್ಕೆ. ಶೆಲ್ಫಿನ ಕಾರ್ಪೆಟ್ ಹಿಡಿದ ಪ್ಲಾಸ್ಟಿಕ್ ಗುಂಡಿಗಳು ಈ ವಯಸ್ಸಿನಲ್ಲಿ ಬಿಸ್ಕತ್ತಿನಂತೆ. ನಾಲ್ಕೈದು ಮುರಿಯುತ್ತವೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಕೈ ಹಾಕಿ. ಕಾರ್ಪೆಟ್ ಎತ್ತಿದರೆ ತಗಡಿನ ಮುಚ್ಚಳ, ಅದರ ಕೆಳಗೆ ಟ್ಯಾಂಕಿನ ಬೆನ್ನು, ಬೆನ್ನಿನ ಮೇಲೆ ಪಂಪಿನ ದುಂಡು ತಟ್ಟೆ.

ಇಲ್ಲಿ ನಿಲ್ಲಿ. ಟ್ಯಾಂಕಿನ ಬೆನ್ನಿನ ಮೇಲೆ ಮೂವತ್ತು ವರ್ಷದ ಮರಳು, ತುಕ್ಕಿನ ಹಕ್ಕಳೆ, ಇಲಿ ತಂದಿಟ್ಟ ತೆಂಗಿನ ನಾರು ಎಲ್ಲ ಇತ್ತು. ತಟ್ಟೆ ಎತ್ತಿದರೆ ಅದೆಲ್ಲ ನೇರ ಟ್ಯಾಂಕಿಗೆ. ಮೊದಲು ಪೇಂಟ್ ಬ್ರಶ್ಶಿನಿಂದ ಉಜ್ಜಿ, ವ್ಯಾಕ್ಯೂಮಿನಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ. ವ್ಯಾಕ್ಯೂಮ್ ಬಳಸುವುದು ಎಲ್ಲ ಮುಚ್ಚಿರುವಾಗ ಮಾತ್ರ. ಹೋಸ್ ಕಿತ್ತ ಮೇಲೆ ಅದರ ಮೋಟಾರಿನ ಕಿಡಿಯೊಂದೇ ಸಾಕು. ಈ ಒಂದು ಹಂತಕ್ಕೆ ಮುಕ್ಕಾಲು ಗಂಟೆ ಕೊಟ್ಟೆವು. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯ ಮುಕ್ಕಾಲು ಗಂಟೆ ಅದೇ.

ತಟ್ಟೆಯ ಸ್ಕ್ರೂಗಳು ಪ್ಲಸ್ ತಲೆಯವು. ಆದರೆ ಅಂಗಡಿಯಲ್ಲಿ ಸಿಗುವ ಫಿಲಿಪ್ಸ್ ಡ್ರೈವರ್ ಅವಕ್ಕೆ ಸರಿಯಾಗಿ ಕೂರುವುದಿಲ್ಲ. ಜಪಾನಿನ ಜೆಐಎಸ್ ಅಳತೆಯ ಸ್ಕ್ರೂ ಇವು. ಫಿಲಿಪ್ಸ್ ತುದಿ ತಳ ಮುಟ್ಟುವ ಮೊದಲೇ ಹೊರಕ್ಕೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಹಳೆಯ ಜಪಾನಿ ಬೈಕ್ ರಿಪೇರಿ ಮಾಡುವವರ ಹತ್ತಿರ ಜೆಐಎಸ್ ಬಿಟ್ ಇರುತ್ತದೆ, ಕೇಳಿ ತನ್ನಿ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆವು. ಒಂದೇ ಒಂದು ಸ್ಕ್ರೂ ಹಟ ಮಾಡಿತು, ಸುತ್ತಿಗೆಯಲ್ಲಿ ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರಿಗೆ ಬಗ್ಗಿತು. ಬ್ಯಾಟರಿ ಡ್ರಿಲ್ಲು, ಗ್ರೈಂಡರು, ಬಿಸಿ ಮಾಡುವುದು ಮೂರೂ ಇಲ್ಲಿ ನಿಷಿದ್ಧ.

ಹೋಸು ಎರಡು, ಹೋಗುವುದು ಮತ್ತು ವಾಪಸ್ ಬರುವುದು. ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿ, ಆಮೇಲೆ ಕೀಳಿ. ಹಳೆಯ ರಬ್ಬರು ತಗಡಿನ ಮೂತಿಗೆ ಅಂಟಿಕೊಂಡಿರುತ್ತದೆ. ಎಳೆದಾಡಿದರೆ ಮೂತಿ ಬಗ್ಗುತ್ತದೆ, ಆಗ ಇಡೀ ತಟ್ಟೆಯೇ ಹಾಳು. ಹೇಗೂ ಹೊಸ ಹೋಸ್ ಹಾಕುವವರು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದುಬಿಡಿ.

ಪಂಪಿನ ಜೋಡಣೆಯನ್ನು ನೇರ ಮೇಲಕ್ಕೆ ಎತ್ತಲಾಗುವುದಿಲ್ಲ, ಕೆಳಗಿನ ಜಾಲರಿ ಚೀಲ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಎತ್ತಿ, ಓರೆ ಮಾಡಿ, ಸ್ವಲ್ಪ ತಿರುಗಿಸಿ ಬಿಡಿಸಬೇಕು. ಒಂದು ನಿಮಿಷ ಅಲ್ಲೇ ಹಿಡಿದರೆ ಪೆಟ್ರೋಲ್ ಇಳಿದುಹೋಗುತ್ತದೆ. ಟ್ಯಾಂಕಿನ ಬಾಯಿಗೆ ತಕ್ಷಣ ಮುಚ್ಚಳ ಹಾಕಿ. ನಾವು ಪ್ಲಾಸ್ಟಿಕ್ ಹಾಳೆಯ ಮೇಲೆ ಹಲಗೆ ತುಂಡು ಇಟ್ಟೆವು.

ಹೊರಗೆ ಬಂದ ಜಾಲರಿ ಬೆಳ್ಳಗಿರಬೇಕಿತ್ತು. ನಮ್ಮದು ಸುಲಿದ ಹಣ್ಣಡಿಕೆಯ ಸಿಪ್ಪೆಯ ಬಣ್ಣ. ಬೆರಳಲ್ಲಿ ತಿಕ್ಕಿದರೆ ನುಣ್ಣನೆಯ ಕೆಂಪು ಹುಡಿ, ಮುರಕಲ್ಲಿನ ದೂಳಿನ ಹಾಗೆ. ತುಕ್ಕು. ಕೊಲೆಗಾರ ಇಲ್ಲೇ ಸಿಕ್ಕಿಬಿದ್ದ. ಜಾಲರಿ ಕಟ್ಟಿದರೆ ಪಂಪಿಗೆ ಎಳೆಯಲು ಪೆಟ್ರೋಲ್ ಸಾಲದು. ಅದು ಪೆಟ್ರೋಲಿನಿಂದಲೇ ತಣ್ಣಗಾಗುವ ಮೋಟಾರು, ಅದೇ ಅದರ ಎಣ್ಣೆ ಕೂಡ. ಸಾಲದಾದಾಗ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸವೆಯುತ್ತದೆ. ಏರಿನಲ್ಲಿ ಬಿಸಿಯಾದಾಗ ಮಾತ್ರ ರೋಗ ಕಾಣಿಸಿದ್ದು ಇದಕ್ಕೇ.

ತುಕ್ಕು ಬಂದದ್ದೆಲ್ಲಿಂದ? ಈ ಗಾಡಿಯ ಟ್ಯಾಂಕ್ ಉಕ್ಕಿನದು. ಮುಕ್ಕಾಲು ಖಾಲಿ ಟ್ಯಾಂಕಿನಲ್ಲಿ ಉಳಿದದ್ದೆಲ್ಲ ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯೆಂದರೆ ಅರ್ಧ ನೀರು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಗಾಳಿ ತೇವವನ್ನು ಒಳಗೆಳೆದು ಟ್ಯಾಂಕಿನ ಗೋಡೆಯಲ್ಲಿ ಬೆವರಾಗಿ ಬಿಡುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ನೀರನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದಾಗ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಜಾಲರಿ ಮಲಗಿರುವುದು ಆ ತಳದಲ್ಲೇ.

ಕ್ಯಾನಿಗೆ ಇಳಿಸಿದ ಪೆಟ್ರೋಲಿನ ಕೊನೆಯ ಲೀಟರನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಒಂದು ಗಂಟೆ ಅಲುಗಿಸದೆ ಇಟ್ಟೆವು. ತಳದಲ್ಲಿ ಎರಡು ಬೆರಳು ದಪ್ಪದ ಮಬ್ಬು ಪದರ ನಿಂತಿತು. "ಮೇಲಿನದನ್ನು ಬಸಿದು ವಾಪಸ್ ಹಾಕಿದರಾಯಿತಲ್ಲ" ಅನಿಸುತ್ತದೆ. ಬೇಡ. ಎಥನಾಲ್ ಕೆಳಗಿಳಿದ ಮೇಲೆ ಮೇಲಿನ ಪೆಟ್ರೋಲಿನ ಆಕ್ಟೇನ್ ಬಿದ್ದಿರುತ್ತದೆ, ಏರಿನಲ್ಲಿ ಎಂಜಿನ್ ಕುಟ್ಟತೊಡಗುತ್ತದೆ.

ಟ್ಯಾಂಕನ್ನು ಪೂರ್ತಿ ಇಳಿಸಿ ತೊಳೆಯುವುದೇ ಸರಿಯಾದ ಕ್ರಮ. ಗಡುವು ಹತ್ತಿರ ಇದ್ದುದರಿಂದ ನಾವು ಅಡ್ಡದಾರಿ ಹಿಡಿದೆವು: ಉಳಿದದ್ದನ್ನು ಕೈಪಂಪಿನಿಂದ ತಳದ ತಗ್ಗಿನಿಂದ ಎಳೆದು, ಕೋಲಿಗೆ ಕಟ್ಟಿದ ಅಯಸ್ಕಾಂತದಿಂದ ತುಕ್ಕಿನ ಹಕ್ಕಳೆ ಹೆಕ್ಕಿ, ಬಟ್ಟೆಯಿಂದ ಒರೆಸಿ, ಎರಡು ಲೀಟರ್ ಹೊಸ ಪೆಟ್ರೋಲ್ ಹಾಕಿ ತೊಳೆದು ಮತ್ತೆ ಎಳೆದೆವು. ಬಟ್ಟೆಯ ಆಯ್ಕೆಯೂ ಮುಖ್ಯ. ವರ್ಕ್‌ಶಾಪಿನ ಬನಿಯನ್ ವೇಸ್ಟ್ ನೂಲು ಬಿಡುತ್ತದೆ, ಆ ನೂಲು ಜಾಲರಿಗೆ ಸುತ್ತಿಕೊಳ್ಳುತ್ತದೆ. ಹತ್ತಾರು ಸಲ ಒಗೆದ ಹಳೆಯ ಬೈರಾಸು (ಟವೆಲ್) ಒಳ್ಳೆಯದು.

ಮೇಜಿನ ಮೇಲೆ ಪಂಪ್ ಬದಲಿಸುವುದು ಕಾಲು ಗಂಟೆಯ ಕೆಲಸ, ಮೂರು ಕಡೆ ಮಾತ್ರ ಜೋಪಾನ. ಮೊದಲನೆಯದು ಜಾಲರಿಯ ಹಲ್ಲುವಾಷರು. ತೆಗೆದದ್ದನ್ನು ಮತ್ತೆ ಹಾಕಬೇಡಿ, ಹಲ್ಲು ಸಡಿಲಾಗಿ ಎಂದಾದರೂ ಕಳಚಿಬೀಳುತ್ತದೆ. ಹೊಸದನ್ನು ಸುತ್ತಿಗೆಯಿಂದ ಬಡಿಯದೆ, ಅದೇ ಅಳತೆಯ ಸಾಕೆಟ್ ಇಟ್ಟು ಅಂಗೈಯಲ್ಲಿ ಒತ್ತಿ ಕೂರಿಸಿ. ಜಾಲರಿ ಯಾವ ದಿಕ್ಕಿಗೆ ಚಾಚಿತ್ತೋ ಅದೇ ದಿಕ್ಕಿಗಿರಲಿ. ತಿರುಗಿ ಕೂತರೆ ಟ್ಯಾಂಕಿನ ಗೋಡೆಗೆ ತಾಗಿ ಮಡಚಿಕೊಳ್ಳುತ್ತದೆ. ಎರಡನೆಯದು ಒಳಗಿನ ಹೋಸಿನ ಉದ್ದ. ಹಳೆಯದನ್ನು ಪಕ್ಕದಲ್ಲಿಟ್ಟು ಅಷ್ಟೇ ಉದ್ದಕ್ಕೆ ಕತ್ತರಿಸಿ. ಉದ್ದವಾದರೆ ಮುರಿದುಕೊಳ್ಳುತ್ತದೆ. ಗಿಡ್ಡವಾದರೆ ಪಂಪ್ ತನ್ನ ತಳದ ರಬ್ಬರ್ ಮೆತ್ತೆಯಿಂದ ಮೇಲೆದ್ದು ಬ್ರಾಕೆಟ್ಟಿಗೆ ತಾಗಿ, ಗಾಡಿಯೊಳಗೆ ಜೇನುಗೂಡು ಇಟ್ಟ ಹಾಗೆ ಸದ್ದು ಮಾಡುತ್ತದೆ. ಮೂರನೆಯದು ವೈರು. ಪ್ಲಸ್ ಮೈನಸ್ಸನ್ನು ಮೀಟರಿಟ್ಟು ಖಾತ್ರಿ ಮಾಡಿಕೊಳ್ಳಿ. ಉಲ್ಟಾ ಕೊಟ್ಟರೆ ಮೋಟಾರ್ ತಿರುಗುತ್ತದೆ, ಸದ್ದೂ ಬರುತ್ತದೆ, ಒತ್ತಡ ಮಾತ್ರ ಬರುವುದಿಲ್ಲ. ಜಾಯಿಂಟ್ ಮಾಡಬೇಕಾದರೆ ಕ್ರಿಂಪ್ ಮಾಡಿ. ಟ್ಯಾಂಕಿನ ಒಳಗೆ ಇನ್ಸುಲೇಶನ್ ಟೇಪ್ ಸುತ್ತಲೇಬಾರದು. ಅದರ ಅಂಟು ಪೆಟ್ರೋಲಿನಲ್ಲಿ ಕರಗಿ ಹೊಸ ಜಾಲರಿಗೇ ಹೋಗಿ ಹತ್ತುತ್ತದೆ. ಮತ್ತೆ, "ಒಮ್ಮೆ ನೋಡುವ" ಎಂದು ಹೊಸ ಪಂಪನ್ನು ಬ್ಯಾಟರಿಗೆ ಕೊಟ್ಟು ಒಣಗಲು ಓಡಿಸುವ ಆಸೆಯನ್ನೂ ತಡೆದುಕೊಳ್ಳಿ.

ವಾಪಸ್ ಕೂರಿಸುವಾಗ ಪ್ಯಾಕಿಂಗ್ ಹೊಸದು, ಎರಡೂ ಮೈ ಒಣಗಿದ್ದು. ಸಿಲಿಕೋನ್ ಪೇಸ್ಟ್ ಹಚ್ಚುವವರಿದ್ದಾರೆ. ಅದು ಪೆಟ್ರೋಲಿನಲ್ಲಿ ಉಬ್ಬಿ ತುಂಡಾಗಿ ಕೆಳಗೆ ಬೀಳುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ, ಕೈಬಲದಲ್ಲೇ ಬಿಗಿಯಬೇಕು. ಫಿಲ್ಟರ್ ಕಾರಿನ ಅಡಿಯಲ್ಲಿ, ಬಲ ಹಿಂಚಕ್ರದ ಮುಂದೆ ಇದೆ. ಹೊಸದನ್ನು ಹಾಕುವಾಗ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಮೇಲಿನ ತಗಡನ್ನು ಮುಚ್ಚಲು ಅವಸರ ಬೇಡ. ಹತ್ತು ಲೀಟರ್ ಹೊಸ ಪೆಟ್ರೋಲ್ ಹಾಕಿ, ಆವಿ ಹೋಗಲು ಅರ್ಧ ಗಂಟೆ ಬಿಟ್ಟು, ಬ್ಯಾಟರಿ ಕೊಟ್ಟು, ತಟ್ಟೆಯ ಸುತ್ತ ಪೇಪರಿನ ಚೂರು ಹರಡಿ, ಎಫ್/ಪಿ ವೈರಿನಲ್ಲಿ ಹತ್ತು ಸೆಕೆಂಡಿನಂತೆ ಮೂರು ಸಲ ಓಡಿಸಿದೆವು. ಪೇಪರಿನಲ್ಲಿ ಒಂದು ಹನಿ ಬಿದ್ದರೂ ಕಾಣುತ್ತದೆ. ಗೇಜು 3.0. ಹೋಸ್ ಒತ್ತಿ ಹಿಡಿದಾಗ 5.2. ನಿಲ್ಲಿಸಿ ಐದು ನಿಮಿಷ ಕಾದ ಮೇಲೆ 2.2, 1.5ಕ್ಕಿಂತ ಮೇಲಿದ್ದರೆ ಸಾಕು. ಬೇಗ ಇಳಿದರೆ ಪಂಪಿನ ವಾಲ್ವು, ರೆಗ್ಯುಲೇಟರು ಅಥವಾ ಇಂಜೆಕ್ಟರು ಸೋರುತ್ತಿದೆ, ಬೆಳಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕಾಗುತ್ತದೆ. ಎಂಜಿನ್ ಐಡಲ್‌ನಲ್ಲಿ, ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಜೋಡಿಸಿದಾಗ 2.4. ಅಲ್ಲಿ 2.1ರಿಂದ 2.6ರ ಒಳಗಿರಬೇಕು.

ಕೊನೆಯ ಪರೀಕ್ಷೆ ಟ್ಯಾಂಕ್ ತುಂಬಿಸಿ. ತಟ್ಟೆ ಟ್ಯಾಂಕಿನ ನೆತ್ತಿಯಲ್ಲಿರುವುದರಿಂದ ಅರ್ಧ ಟ್ಯಾಂಕಿನಲ್ಲಿ ಪ್ಯಾಕಿಂಗ್ ಸೋರಿದರೂ ಗೊತ್ತಾಗುವುದಿಲ್ಲ. ತುಂಬಿದ ಟ್ಯಾಂಕ್ ತಿರುವಿನಲ್ಲಿ ತುಳುಕಿದಾಗ ಸೀಟಿನ ಹಿಂದೆ ವಾಸನೆ ಹೊಡೆಯುತ್ತದೆ. ಈ ಭಾಗದವರೆಲ್ಲ ಮಾಡುವ ಹಾಗೆ ತಲಪಾಡಿ ದಾಟಿ, ಕರ್ನಾಟಕದ ಅಗ್ಗದ ಪೆಟ್ರೋಲನ್ನೇ ತುಂಬಿಸಿದೆವು. ಅದರಲ್ಲಿ ತಪ್ಪಿಲ್ಲ. ಲೀಟರಿಗೆ ನಾಲ್ಕು ಕಾಸು ಉಳಿಸಲು, ತಲಪಾಡಿ ಬರುವ ತನಕ ಮೀಟರಿನ ಮುಳ್ಳು ಕೆಂಪಿನಲ್ಲಿ ಮಲಗಿರುವಂತೆ ಓಡಿಸುವುದಿದೆಯಲ್ಲ, ಅದು ತಪ್ಪು. ಟ್ಯಾಂಕಿನೊಳಗಿನ ಪಂಪಿಗೆ ಸುತ್ತಲಿನ ಪೆಟ್ರೋಲೇ ನೆರಳು. ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸದಿರಿ. ಮಳೆಗಾಲಕ್ಕೆ ನಿಲ್ಲಿಸುವುದಾದರೆ ಕುತ್ತಿಗೆ ತನಕ ತುಂಬಿಸಿ ನಿಲ್ಲಿಸಿ. ಗಾಳಿಗೆ ಜಾಗ ಇಲ್ಲದಿದ್ದರೆ ಬೆವರಿಗೂ ಇಲ್ಲ.

ಸೀತಾಂಗೋಳಿ ಏರನ್ನು ಮೂರನೇ ಗೇರಿನಲ್ಲಿ, ಗೇಜನ್ನು ಬಾನೆಟ್ ಒಳಗೇ ಕಟ್ಟಿಟ್ಟು, 6,500 ಸುತ್ತಿನ ತನಕ ಎಳೆದೆವು. ತಡೆಯಲಿಲ್ಲ. ಮೇಲೆ ತಲುಪಿ ಬಿಸಿ ಎಂಜಿನ್ ನಿಲ್ಲಿಸಿ, ಎಫ್/ಪಿ ವೈರಿನಲ್ಲಿ ಅಳೆದಾಗಲೂ 2.9.

ಟ್ಯಾಂಕನ್ನು ಇಳಿಸದೆ ತೊಳೆದದ್ದರ ಬಾಕಿ ಮಾತ್ರ ಇತ್ತು. ಗೋಡೆಗೆ ಹಿಡಿದ ತುಕ್ಕು ಹೊಸ ಪೆಟ್ರೋಲಿನ ತುಳುಕಾಟಕ್ಕೆ ಬಿಟ್ಟುಕೊಳ್ಳುತ್ತಲೇ ಇರುತ್ತದೆ, ನುಣ್ಣನೆಯದು ಜಾಲರಿಯನ್ನೂ ದಾಟುತ್ತದೆ. ಅದಕ್ಕೇ ಎರಡು ಫಿಲ್ಟರ್ ತರಿಸಿದ್ದೆವು. 500 ಕಿಲೋಮೀಟರ್ ಆದ ಮೇಲೆ ಮೊದಲನೆಯದನ್ನು ತೆಗೆದು, ಒಳಬಾಯಿಯನ್ನು ಕೆಳಗೆ ಮಾಡಿ ಬಿಳಿ ಕಾಗದದ ಮೇಲೆ ಬಸಿದೆವು. ಪೆಟ್ರೋಲ್ ಆರಿದ ಮೇಲೆ ಕಾಗದದಲ್ಲಿ ಉಳಿದದ್ದು ಅರ್ಧ ಚಮಚ ಕೆಂಪು ಹುಡಿ. ಎರಡನೇ ಫಿಲ್ಟರ್ ಹಾಕಿ, ಗಾಡಿಯ ಜೊತೆ ಮೂರನೆಯದೊಂದನ್ನೂ ಡಿಕ್ಕಿಯಲ್ಲಿಟ್ಟು ಹಡಗಿಗೆ ಕಳಿಸಿಕೊಟ್ಟೆವು.